ದೇಶಕ್ಕೊಂದು ಮುಖ: ಕಂಪ್ಯೂಟರ್ ಆಟದ ನಾಯಕರು ಮತ್ತು ನಾವು

ಪುರಾಣ, ಕಾವ್ಯ, ಶಾಸನ, ಪಠ್ಯಪುಸ್ತಕ, ಸಿನಿಮಾ - ಇವುಗಳಲ್ಲಿ ದಲಿತರ ಚಹರೆ ಹೇಗೆ ಅಳಿಸಿಹೋಗಿದೆ ಅನ್ನುವುದನ್ನು ನಮ್ಮ ವಿಮರ್ಶೆ ಸಾಕಷ್ಟು ಬಗೆದು ತೋರಿಸಿದೆ. ಆದರೆ ಈಗಿನ ಹುಡುಗರಲ್ಲಿ ಒಂದು ಪಾಲು ಚರಿತ್ರೆಯನ್ನು ಓದುವುದಿಲ್ಲ, ಆಡುತ್ತದೆ. ಇದು ಅಲಂಕಾರದ ಮಾತಲ್ಲ. ರಾಜ್ಯ ಕಟ್ಟುವುದು, ಕೋಟೆ ಹಾಕುವುದು, ದಂಡು ಒಯ್ಯುವುದು, ಧರ್ಮ ಹಬ್ಬಿಸುವುದು ಎಲ್ಲ ಈಗ ಆಟವಾಗಿ ಕಂಪ್ಯೂಟರಿನ ಪರದೆಯ ಮೇಲೆ, ಹಲವರ ಕೈಯಲ್ಲಿ ಮೊಬೈಲ್ ಫೋನಿನ ಮೇಲೂ ನಡೆಯುತ್ತಿದೆ. ಅಂಥ ಆಟದಲ್ಲಿ ನಮ್ಮ ದೇಶದ ಪರವಾಗಿ ಯಾರು ನಿಲ್ಲುತ್ತಾರೆ, ಅವರನ್ನು ಯಾರು ಆರಿಸುತ್ತಾರೆ, ಯಾವ ಲೆಕ್ಕದ ಮೇಲೆ ಆರಿಸುತ್ತಾರೆ? ಆಟ ಅಂತ ಇದನ್ನು ಹಗುರ ಮಾಡಿ ಬಿಡಬಾರದು. ನಮ್ಮನ್ನು ಊರ ಹೊರಗಿಟ್ಟವರಿಗೂ ಅದು ಒಂದು ಆಟದ ನಿಯಮದಷ್ಟೇ ಸಹಜವಾಗಿ ಕಂಡಿತ್ತು.

ನಾನು ಹೇಳುತ್ತಿರುವ ಆಟದ ಹೆಸರು 'ಸಿವಿಲೈಜೇಶನ್', ಅಂದರೆ ನಾಗರಿಕತೆ. 1991ರಲ್ಲಿ ಅಮೆರಿಕದ ಮೈಕ್ರೋಪ್ರೋಸ್ ಕಂಪನಿ ಇದನ್ನು ಹೊರತಂದಿತು. ರೂಪಿಸಿದವರು ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮುಖ್ಯವಾಗಿ ಏಳು ಆವೃತ್ತಿಗಳು ಬಂದಿವೆ. ಏಳನೆಯದು 2025ರ ಫೆಬ್ರವರಿಯಲ್ಲಿ ಬಂತು. ಆಟ ಕ್ರಿಸ್ತಪೂರ್ವ 4000ದಲ್ಲಿ ಶುರುವಾಗುತ್ತದೆ. ಕೈಯಲ್ಲಿ ಒಂದು ವಲಸೆಗಾರರ ಗುಂಪು, ಸುತ್ತ ಕತ್ತಲು ಕವಿದ ನಕ್ಷೆ. ಒಂದು ಊರು ಕಟ್ಟಬೇಕು, ಹೊಲ ಮಾಡಬೇಕು, ಮಡಕೆಯಿಂದ ಹಿಡಿದು ಅಣುಬಾಂಬಿನವರೆಗೆ ಒಂದೊಂದೇ ವಿದ್ಯೆ ಕಲಿಯಬೇಕು. ಚದುರಂಗದ ಹಾಗೆ ಸರದಿಯ ಮೇಲೆ ನಡೆಯುವ ಆಟ. ಯುದ್ಧದಲ್ಲಿ ಎಲ್ಲರನ್ನೂ ಮಣಿಸಿದರೂ ಗೆಲುವು, ಆಕಾಶಕ್ಕೆ ನೌಕೆ ಕಳಿಸಿದರೂ ಗೆಲುವು. ಊರು ಕಟ್ಟದೆ ಅಲೆಯುವವರಿಗೆ ಆಟದಲ್ಲಿ ಹೆಸರಿಲ್ಲ. ಅವರನ್ನು 'ಬರ್ಬರರು' ಅಂತ ಕರೆದು ಕೊಲ್ಲಲಿಕ್ಕೆ ಇಟ್ಟಿರುತ್ತಾರೆ. ಬೇಡರ ಪಾಳೆಯಗಾರರ ನೆನಪಿರುವ ನಮ್ಮ ದೇವದುರ್ಗ, ಸುರಪುರ ಸೀಮೆಯವರು ಈ ಶಬ್ದವನ್ನು ಎಲ್ಲಿಯೋ ಕೇಳಿದ ಹಾಗಿದೆಯಲ್ಲ ಅಂದುಕೊಂಡರೆ ಆಶ್ಚರ್ಯವಿಲ್ಲ.

ಈ ಆಟದ ಒಂದು ವಿಚಿತ್ರ ಕಟ್ಟಳೆ ಅಂದರೆ, ಪ್ರತಿ ದೇಶಕ್ಕೂ ಒಬ್ಬ ನಾಯಕ. ಆ ನಾಯಕ ಸಾಯುವುದಿಲ್ಲ. ಕಲ್ಲಿನ ಕೊಡಲಿಯ ಕಾಲದಿಂದ ರಾಕೆಟ್ಟಿನ ಕಾಲದವರೆಗೆ ಅದೇ ಮುಖ. ಬೇರೆ ದೇಶದವರು ಸಂಧಾನಕ್ಕೆ ಬಂದಾಗ ಪರದೆಯ ತುಂಬ ಬಂದು ನಿಲ್ಲುವುದು ಆತನೇ. ಆತನಿಗೆ ಒಂದು ವಿಶೇಷ ಶಕ್ತಿ, ಒಂದು ಸ್ವಭಾವ. ದೇಶದ ಕೋಟ್ಯಂತರ ಜನ ಊರಿನ ಪಕ್ಕದ ಒಂದು ಅಂಕಿಯಾಗಿ ಉಳಿಯುತ್ತಾರೆ. ಅರಸನೇ ನಾಡು ಎಂದು ತಿಳಿದಿದ್ದ ಹಳೆಯ ಚರಿತ್ರೆ ಇಲ್ಲಿ ಯಂತ್ರದ ಒಳಗೆ ಹೊಕ್ಕು ಕೂತಿದೆ.

ಭಾರತಕ್ಕೆ ಯಾರು? 1991ರಿಂದಲೂ ಗಾಂಧಿ. ಎರಡನೇ ಆವೃತ್ತಿಯಲ್ಲಿ (1996) ಪ್ರತಿ ದೇಶಕ್ಕೂ ಒಬ್ಬ ಗಂಡು, ಒಬ್ಬ ಹೆಣ್ಣು ನಾಯಕರನ್ನು ಕೊಟ್ಟಾಗ ಗಾಂಧಿಯ ಜೊತೆ ಇಂದಿರಾ ಗಾಂಧಿ ಬಂದರು. (ಹೊರಗಿನವರಿಗೆ ಇಬ್ಬರೂ ಒಂದೇ ಮನೆತನದವರು ಅನ್ನಿಸಿದ್ದರೆ ಅದು ಅವರೊಬ್ಬರ ತಪ್ಪಲ್ಲ, ನಮ್ಮಲ್ಲೂ ಹಾಗೆ ತಿಳಿದವರಿದ್ದಾರೆ.) ಮೂರನೆಯದರಲ್ಲಿ ಮತ್ತೆ ಗಾಂಧಿ. ನಾಲ್ಕನೆಯದರಲ್ಲಿ (2005) ಗಾಂಧಿ ಮತ್ತು ಅಶೋಕ. ಐದನೆಯದರಲ್ಲಿ (2010) ಗಾಂಧಿ. ಆರನೆಯದರಲ್ಲಿ (2016) ಗಾಂಧಿ, ಆಮೇಲೆ 2018ರಲ್ಲಿ ಚಂದ್ರಗುಪ್ತ ಮೌರ್ಯ. ಏಳನೆಯದು ಬಿಡುಗಡೆಯಾದಾಗ ಗಾಂಧಿ ಇರಲಿಲ್ಲ, ಅಶೋಕ ಇದ್ದ. ಮೂವತ್ತು ವರ್ಷಕ್ಕೂ ಮಿಗಿಲಾದ ಈ ಪಟ್ಟಿಯಲ್ಲಿ ಒಬ್ಬನೇ ಒಬ್ಬ ಅಸ್ಪೃಶ್ಯ ಕುಲದಲ್ಲಿ ಹುಟ್ಟಿದ ಮನುಷ್ಯನಿಲ್ಲ.

ಇದಕ್ಕೆ ಉತ್ತರ ಸಿದ್ಧವಾಗಿರುತ್ತದೆ: "ಅಂಬೇಡ್ಕರ್ ಪ್ರಧಾನಿ ಆಗಿರಲಿಲ್ಲವಲ್ಲ, ರಾಜ್ಯ ಆಳಲಿಲ್ಲವಲ್ಲ." ಸರಿ, ಗಾಂಧಿ ಯಾವ ರಾಜ್ಯ ಆಳಿದರು? ಗಾಂಧಿ ಸರಕಾರದ ಯಾವ ಹುದ್ದೆಯನ್ನೂ ಹಿಡಿದವರಲ್ಲ. ಅಂಬೇಡ್ಕರ್ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು, 1947ರ ಆಗಸ್ಟ್ 29ರಂದು ರಚನೆಯಾದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದವರು, ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿ. ಆಡಳಿತ ನಡೆಸಿದ ಲೆಕ್ಕ ಹಿಡಿದರೆ ಪಟ್ಟಿಯಲ್ಲಿ ಯಾರು ಮೊದಲು ಬರಬೇಕು? ಹಾಗಾಗಿ ಆಯ್ಕೆಯ ಮಾನದಂಡ ಅಧಿಕಾರವಲ್ಲ. ಮಾನದಂಡ ಗುರುತು. ಅಮೆರಿಕದ ಯಾವುದೋ ಊರಲ್ಲಿ ಕೂತ ಗಿರಾಕಿ ಕನ್ನಡಕ, ಬೋಳುತಲೆ, ತುಂಡುಬಟ್ಟೆ ಕಂಡ ಕೂಡಲೇ 'ಇಂಡಿಯಾ' ಅನ್ನಬೇಕು. ಹಾಗೆ ಆತನಿಗೆ ಗುರುತು ಸಿಗಲಿಕ್ಕೆ ಮೊದಲು ಸಿನಿಮಾ ಬಂದಿರಬೇಕು, ಅಂಚೆಚೀಟಿ ಬಂದಿರಬೇಕು, ನೋಟಿನ ಮೇಲೆ ಮುಖ ಬಂದಿರಬೇಕು. ಅಂದರೆ ಮಾರುಕಟ್ಟೆ ನಾಯಕನನ್ನು ಹುಡುಕುವುದಿಲ್ಲ. ಈಗಾಗಲೇ ಯಾರನ್ನು ಎತ್ತಿ ಹಿಡಿಯಲಾಗಿದೆಯೋ ಅವರನ್ನೇ ಮತ್ತೆ ಎತ್ತಿ ಹಿಡಿಯುತ್ತದೆ.

ಆದರೆ ಮುಖ ಯಾರದು ಅನ್ನುವುದಕ್ಕಿಂತ ಆ ಮುಖದ ಹಿಂದೆ ಏನನ್ನು ಕೂಡಿಸಿದ್ದಾರೆ ಅನ್ನುವುದು ದೊಡ್ಡ ಪ್ರಶ್ನೆ. ಇಲ್ಲಿ ನಾಲ್ಕನೇ ಆವೃತ್ತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದರಲ್ಲಿ ಆಟಗಾರ ತನ್ನ ರಾಜ್ಯದ ದುಡಿಮೆಯ ವ್ಯವಸ್ಥೆಯನ್ನು ತಾನೇ ಆರಿಸಬಹುದು. ಐದು ಆಯ್ಕೆ: ಬುಡಕಟ್ಟು ಪದ್ಧತಿ, ಗುಲಾಮಗಿರಿ, ಜೀತ-ಒಕ್ಕಲು ಪದ್ಧತಿ, ಜಾತಿ ಪದ್ಧತಿ, ವಿಮೋಚನೆ. ಹೌದು, ಜಾತಿ ಪದ್ಧತಿಯೂ ಒಂದು ಗುಂಡಿ. ಒತ್ತಿದರೆ ಜಾರಿಗೆ ಬರುತ್ತದೆ. ಅದರಿಂದ ಲಾಭವೇನು ಗೊತ್ತೆ? ಊರಿನಲ್ಲಿ ಕಲಾವಿದರು, ವಿಜ್ಞಾನಿಗಳು, ವ್ಯಾಪಾರಿಗಳು ಇವರನ್ನು ಎಷ್ಟು ಬೇಕಾದರೂ ನೇಮಿಸಿಕೊಳ್ಳಬಹುದು, ಮಿತಿಯಿಲ್ಲ. ಓದಿದಾಗ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಮಿತಿ ಹಾಕುವುದೇ ಕಸುಬಾಗಿರುವ ವ್ಯವಸ್ಥೆಗೆ 'ಮಿತಿಯಿಲ್ಲದ್ದು' ಅನ್ನುವ ಗುಣವನ್ನು ಅಂಟಿಸಿದ್ದಾರೆ! ಅದೇ ಆಟದಲ್ಲಿ ಗುಲಾಮಗಿರಿಗೆ ಅದರ ಕ್ರೌರ್ಯವನ್ನಾದರೂ ಬಿಟ್ಟಿದ್ದಾರೆ: ಕಟ್ಟಡ ಬೇಗ ಮುಗಿಸಬೇಕಾದರೆ ಊರಿನ ಜನಸಂಖ್ಯೆಯನ್ನು ಬಲಿಕೊಡಬೇಕು, ಅಂಕಿ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಜಾತಿ ಪದ್ಧತಿಯಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಊರ ಹೊರಗೆ ಹೋಗುವುದಿಲ್ಲ. ಅದೊಂದು ಅಚ್ಚುಕಟ್ಟಾದ ಕೆಲಸದ ಹಂಚಿಕೆ.

ಇದು ಆಟದವರು ಹುಟ್ಟಿಸಿದ ಸುಳ್ಳಲ್ಲ. ಜಾತಿ ಅಂದರೆ ಕೆಲಸದ ವಿಭಜನೆ ಅಷ್ಟೇ ಎಂದು ನಮ್ಮ ವಿದ್ವಾಂಸರೇ ಪೀಳಿಗೆಗಟ್ಟಲೆ ಹೇಳುತ್ತ ಬಂದರು. ಅದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ವಿಭಜಿಸುತ್ತದೆ, ಅದೂ ಮೆಟ್ಟಿಲು ಮೆಟ್ಟಿಲಾಗಿ ವಿಭಜಿಸುತ್ತದೆ ಎಂದು ಅಂಬೇಡ್ಕರ್ 1936ರಲ್ಲಿ, ಲಾಹೋರಿನಲ್ಲಿ ಮಾಡಲು ಬಿಡದ ಭಾಷಣದ ಪುಸ್ತಕದಲ್ಲಿ ಬಿಡಿಸಿ ತೋರಿಸಿದರು. ಎಪ್ಪತ್ತು ವರ್ಷದ ನಂತರ ಬಂದ ಆಟಕ್ಕೆ ಆ ಪುಸ್ತಕ ತಲುಪಿರಲಿಲ್ಲ. ವಿದ್ವಾಂಸರ ಮಾತು ತಲುಪಿತ್ತು.

ಇನ್ನೊಂದು ಸಂಗತಿ. ಆ ಆವೃತ್ತಿಯಲ್ಲಿ ವ್ಯವಸ್ಥೆ ಬದಲಿಸಿದರೆ ದೇಶದಲ್ಲಿ ಕೆಲಕಾಲ ಅರಾಜಕತೆ ಉಂಟಾಗುತ್ತದೆ, ದುಡಿಮೆ ನಿಲ್ಲುತ್ತದೆ. 'ಆಧ್ಯಾತ್ಮಿಕ' ಎಂಬ ಗುಣವುಳ್ಳ ನಾಯಕರಿಗೆ ಮಾತ್ರ ಈ ತಾಪತ್ರಯ ಇಲ್ಲ. ಭಾರತದ ಇಬ್ಬರು ನಾಯಕರಿಗೂ, ಗಾಂಧಿಗೂ ಅಶೋಕನಿಗೂ, ಈ ಗುಣ ಕೊಟ್ಟಿದ್ದಾರೆ. ಅಂದರೆ ಭಾರತ ಒಂದು ಸಣ್ಣ ಗದ್ದಲವೂ ಇಲ್ಲದೆ ಜಾತಿ ಪದ್ಧತಿಯ ಒಳಗೆ ಹೋಗಬಹುದು, ಒಂದು ಸಣ್ಣ ಗದ್ದಲವೂ ಇಲ್ಲದೆ ವಿಮೋಚನೆಗೆ ದಾಟಬಹುದು. ಗದ್ದಲವಿಲ್ಲದ ವಿಮೋಚನೆ! 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯ ನೀರು ಮುಟ್ಟಿದವರು ಆಮೇಲೆ ತಿಂದ ಪೆಟ್ಟು, 1973ರ 'ಬೂಸಾ' ಗಲಾಟೆಯಲ್ಲಿ ಕರ್ನಾಟಕದ ಹಾಸ್ಟೆಲುಗಳ ಹುಡುಗರು ತಿಂದ ಪೆಟ್ಟು ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ಆಧ್ಯಾತ್ಮದ ಹೆಸರಲ್ಲಿ ಸಂಘರ್ಷವನ್ನು ಅಳಿಸಿಹಾಕುವ ನಮ್ಮ ನಾಡಿನ ಹಳೆಯ ಚಾಳಿಯನ್ನು ಯಂತ್ರವೊಂದು ಇಷ್ಟು ಚೊಕ್ಕವಾಗಿ ಕಲಿತಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನೀರಿನ ಮಾತು ಬಂತು. ಆರನೇ ಆವೃತ್ತಿಯಲ್ಲಿ ಭಾರತಕ್ಕೆ ಮಾತ್ರ ಮೀಸಲಾದ ಒಂದು ಕಟ್ಟಡವಿದೆ, ಮೆಟ್ಟಿಲುಬಾವಿ. ಅದನ್ನು ಕಟ್ಟಿಸಿದರೆ ಆಹಾರ ಹೆಚ್ಚುತ್ತದೆ, ಊರಲ್ಲಿ ಹೆಚ್ಚು ಜನ ವಾಸಮಾಡಬಹುದು. ಯಾವ ಜನ ಅಂತ ಆಟ ಕೇಳುವುದಿಲ್ಲ. ನಮ್ಮ ರಾಯಚೂರು, ಮಾನ್ವಿ ಕಡೆ ಇಳಿಯಲಿಕ್ಕೆ ಪಾವಟಿಗೆ ಇರುವ ಬಾವಿಗಳು ಎಲ್ಲರಿಗೂ ಗೊತ್ತು. ಆ ಪಾವಟಿಗೆಗಳ ಮೇಲೆ ಯಾರು ಇಳಿಯಬಹುದಿತ್ತು, ಯಾರು ದಂಡೆಯ ಮೇಲೆ ಕೊಡ ಇಟ್ಟುಕೊಂಡು "ಒಂದ್ ಕೊಡ ನೀರು ಹಾಕ್ರಿ ಎಪ್ಪಾ" ಅಂತ ಕೈಯೊಡ್ಡಿ ಕಾಯಬೇಕಿತ್ತು ಅನ್ನುವುದೂ ನಮ್ಮ ಅವ್ವಂದಿರಿಗೆ ಗೊತ್ತು. ಆಟದ ಬಾವಿಗೆ ದಂಡೆ ಇಲ್ಲ.

ಅದೇ ಆವೃತ್ತಿಯ ಗಾಂಧಿಗೆ 'ಸತ್ಯಾಗ್ರಹ' ಅನ್ನುವುದೇ ವಿಶೇಷ ಶಕ್ತಿ. ಆತನ ಮೇಲೆ ಯುದ್ಧಕ್ಕೆ ಬಂದವರ ದೇಶದಲ್ಲಿ ಬೇಸರ ಹೆಚ್ಚುತ್ತದೆ. ಸಂಕೇತವಾಗಿ ಚೆನ್ನಾಗಿದೆ. ಆದರೆ 1932ರ ಸೆಪ್ಟೆಂಬರಿನಲ್ಲಿ ಯರವಾಡ ಜೈಲಿನಲ್ಲಿ ಗಾಂಧಿ ಉಪವಾಸ ಕೂತಾಗ ಆ ಶಕ್ತಿ ಯಾರ ಮೇಲೆ ಬಿತ್ತು? ಬ್ರಿಟಿಷರು ಪ್ರತ್ಯೇಕ ಮತಕ್ಷೇತ್ರ ಕೊಟ್ಟಿದ್ದರು. ಗಾಂಧಿಯ ಪ್ರಾಣ ಪಣಕ್ಕಿದ್ದ ಕಾರಣ ಅಂಬೇಡ್ಕರ್ ಅದನ್ನು ಬಿಟ್ಟುಕೊಟ್ಟು, ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಪ್ರಾಂತ್ಯಗಳ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ ಸಿಕ್ಕವು, ಆದರೆ ಆರಿಸುವ ಕೈ ಎಲ್ಲರದ್ದಾಯಿತು. ಯಾರು ನಮ್ಮನ್ನು ಪ್ರತಿನಿಧಿಸಬೇಕು ಎಂಬುದನ್ನು ನಾವೇ ತೀರ್ಮಾನಿಸುವುದೋ, ಎಲ್ಲರೂ ಕೂಡಿ ನಮಗೊಬ್ಬರನ್ನು ತೀರ್ಮಾನಿಸುವುದೋ - ಪೂನಾ ಒಪ್ಪಂದದ ತಿರುಳು ಇದೇ. ನಾಯಕರ ಪಟ್ಟಿಯ ತಿರುಳೂ ಇದೇ. (ಆಗ ರಾಯಚೂರು ನಿಜಾಮನ ರಾಜ್ಯದಲ್ಲಿತ್ತು, ಆ ಸ್ಥಾನಗಳ ಲೆಕ್ಕ ನಮಗೆ ನೇರ ಮುಟ್ಟಲಿಲ್ಲ. ನಿಜಾಮ ಸೀಮೆಯ ದಲಿತ ರಾಜಕಾರಣದ್ದೇ ಬೇರೆ ದಾರಿ. 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದ ಬಿ. ಶ್ಯಾಮಸುಂದರ್ ಅವರನ್ನು ಇವತ್ತು ನಮ್ಮ ಓಣಿಗಳಲ್ಲೇ ಎಷ್ಟು ಜನ ಬಲ್ಲರು?) ಗಾಂಧಿ-ಅಂಬೇಡ್ಕರ್ ಇಬ್ಬರೂ ಒಬ್ಬರನ್ನೊಬ್ಬರು ತಿದ್ದಿದರು ಎಂದು ಡಿ.ಆರ್. ನಾಗರಾಜ್ 1993ರಲ್ಲಿ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ವಾದಿಸಿದರು. ಆ ವಾದವನ್ನು ಒಪ್ಪುವವರೂ ಒಂದು ಮಾತು ಗಮನಿಸಬೇಕು: ತಿದ್ದಿಕೊಳ್ಳಲಿಕ್ಕೆ ಇಬ್ಬರು ಬೇಕು. ಒಬ್ಬನೇ ನಾಯಕ ಎಂಬ ಕಟ್ಟಳೆಯ ಆಟದಲ್ಲಿ ಎದುರಾಳಿ ದೇಶದ ಹೊರಗೇ ಇರಬೇಕು, ಒಳಗೆ ಇರುವ ಹಾಗಿಲ್ಲ.

ಗಾಂಧಿಯ ಬಗ್ಗೆ ಈ ಆಟದವರಲ್ಲಿ ಓಡಾಡುವ ಒಂದು ಕತೆ ಇದೆ. ಮೊದಲ ಆವೃತ್ತಿಯಲ್ಲಿ ಲೆಕ್ಕದ ದೋಷದಿಂದ ಶಾಂತಿದೂತ ಗಾಂಧಿ ಅಣುಬಾಂಬು ಹಾಕುವ ಹುಚ್ಚನಾಗಿದ್ದ ಅಂತ. ಅಂಥ ದೋಷವೇನೂ ಇರಲಿಲ್ಲವೆಂದು ಸಿಡ್ ಮೈಯರ್ 2020ರ ತಮ್ಮ ಆತ್ಮಕಥನದಲ್ಲಿ ಹೇಳಿದ್ದಾರೆ. ಆದರೆ ಐದನೇ ಆವೃತ್ತಿಯಲ್ಲಿ ಬೇಕೆಂದೇ, ತಮಾಷೆಗೆ, ಗಾಂಧಿಗೆ ಆ ಗುಣ ಹಚ್ಚಿದರು. ಜಗತ್ತೆಲ್ಲ ನಕ್ಕಿತು. ಗಾಂಧಿಯನ್ನು ಗೇಲಿ ಮಾಡುವಷ್ಟು ಸಲಿಗೆ ಇದೆ. ಗೇಲಿಗೂ ಒಂದು ಪರಿಚಯ ಬೇಕಲ್ಲ.

ಅಶೋಕನಿಗೆ ಬರೋಣ. ಇಲ್ಲಿ ಮಾತು ನಮ್ಮ ಜಿಲ್ಲೆಗೇ ಬರುತ್ತದೆ. ರಾಯಚೂರಿನಿಂದ ಮಾನ್ವಿ, ಸಿಂಧನೂರು ದಾಟಿ ಹೋದರೆ ಮಸ್ಕಿ. 1915ರಲ್ಲಿ ನಿಜಾಮ ರಾಜ್ಯದಲ್ಲಿ ಬಂಗಾರದ ಗಣಿಯ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಅಲ್ಲಿನ ಗುಡ್ಡದ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅಲ್ಲಿಯವರೆಗೆ ಸಿಕ್ಕಿದ್ದ ಧರ್ಮಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲೂ ಸಿಕ್ಕಿತು. ಹಾಗಾಗಿ ಅಮೆರಿಕದ ಆಟದಲ್ಲಿ ಭಾರತಕ್ಕೆ ನಿಂತ ಅಶೋಕನ ಹೆಸರಿಗೆ ಕಲ್ಲಿನ ಸಾಕ್ಷಿ ಮೊದಲು ಒದಗಿಸಿದ್ದು ನಮ್ಮ ಎಡೆದೊರೆ ಸೀಮೆಯ ಒಂದು ಗುಡ್ಡ. ಏಳನೇ ಆವೃತ್ತಿಯಲ್ಲಿ ಅಶೋಕನಿಗೆ ಎರಡು ರೂಪ ಕೊಟ್ಟಿದ್ದಾರೆ: ಜಗತ್ತನ್ನು ಗೆದ್ದವನು, ಜಗತ್ತನ್ನು ತೊರೆದವನು. ಕಳಿಂಗದ ಮೊದಲು, ಕಳಿಂಗದ ಆಮೇಲೆ. ಪಠ್ಯಪುಸ್ತಕದ ಅಶೋಕನೂ ಈ ಎರಡರಲ್ಲೇ ಮುಗಿದುಹೋಗುತ್ತಾನೆ.

ಮಸ್ಕಿಯ ಬಂಡೆಯ ಅಶೋಕ ಇವೆರಡೂ ಅಲ್ಲ. ಆ ಶಾಸನದ ಸಾರ ಇಷ್ಟು: ಮೊದಲು ಜಂಬೂದ್ವೀಪದಲ್ಲಿ ದೇವತೆಗಳು ಮನುಷ್ಯರ ಜೊತೆ ಬೆರೆತಿರಲಿಲ್ಲ, ಈಗ ಬೆರೆತಿದ್ದಾರೆ, ಇದು ದೊಡ್ಡವರಿಗೆ ಮಾತ್ರ ದಕ್ಕುವಂಥದ್ದು ಎಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ದಕ್ಕುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಹೇಳಬೇಕು. 'ಖುದಕ' ಅನ್ನುವುದು ಅಲ್ಲಿಯ ಶಬ್ದ, ಕ್ಷುದ್ರಕ, ಸಣ್ಣ ಮನುಷ್ಯ. ಇದನ್ನೇ ಹಿಡಿದು ಅಶೋಕ ಜಾತಿ ವಿರೋಧಿಯಾಗಿದ್ದ ಎಂದು ಸಾರುವುದು ಅವಸರವಾದೀತು, ಖುದಕ ಅಂದರೆ ಇವತ್ತಿನ ಅರ್ಥದ ದಲಿತ ಅಲ್ಲ. ಆದರೆ ಒಬ್ಬ ಚಕ್ರವರ್ತಿ ಬಂಡೆಯ ಮೇಲೆ ಮಾತು ಕೆತ್ತಿಸುವಾಗ ಸಣ್ಣವನನ್ನು ದೊಡ್ಡವನಿಗಿಂತ ಮೊದಲು ನೆನೆದಿದ್ದಾನೆ ಅನ್ನುವುದು ಕಲ್ಲಿನ ಮೇಲಿದೆ. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನವನ್ನೇ ಹಿಡಿದು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು ಸುಮ್ಮನೆ ಅಲ್ಲ. ಇನ್ನು ಜಂಬೂದ್ವೀಪದ ಮಾತು. ಭೂಮಿ ಹುಟ್ಟುವ ಆರು ತಿಂಗಳು ಮೊದಲೇ ಜಾಂಬವ ಮುನಿ ಹುಟ್ಟಿದ ಅನ್ನುವುದು ಮಾದಿಗರ ಮೌಖಿಕ ಪರಂಪರೆ. ಎರಡಕ್ಕೂ ಶಬ್ದದ ನಂಟು ಹಚ್ಚುವ ಗೊಡವೆಗೆ ನಾನು ಹೋಗುವುದಿಲ್ಲ, ಅದು ಭಾಷಾಶಾಸ್ತ್ರಿಗಳ ಕೆಲಸ. ಕ್ರಿಸ್ತಪೂರ್ವ 4000ದಲ್ಲಿ ನಕ್ಷೆ ಖಾಲಿ ಇತ್ತು ಎನ್ನುವ ಆಟದ ಎದುರು, ನಕ್ಷೆಗಿಂತ ಮೊದಲೇ ನಮ್ಮವನಿದ್ದ ಎನ್ನುವ ಈ ಕತೆಯನ್ನು ಇಟ್ಟು ನೋಡಿದರೆ ಸಾಕು.

ಶಾಸನದ ಕತೆಗೆ ಇನ್ನೊಂದು ಕಲ್ಲು ಸೇರಿಸುತ್ತೇನೆ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ: ಕಾಕತೀಯರ ಕೈಕೆಳಗಿನ ಗೋರೆ ಗಂಗಯ್ಯ ರೆಡ್ಡಿಯ ಹೆಸರು, ಆತನ ದಂಡಿನ ವಿಠ್ಠಲನ ಹೆಸರು, ಆದವಾನಿ, ಮಾನುವ (ಈಗಿನ ಮಾನ್ವಿ) ಮೊದಲಾದ ಕೋಟೆಗಳನ್ನು ಗೆದ್ದು ರಾಯಚೂರಿಗೆ ಬಂದು ಕೋಟೆ ಕಟ್ಟಿಸಿದ ವಿವರ. ಗೆದ್ದವರ ಹೆಸರು, ಕಟ್ಟಿಸಿದವರ ಹೆಸರು. ಆದರೆ ಅದೇ ಗೋಡೆಯ ಮೇಲೆ ಒಂದು ರೇಖಾಚಿತ್ರವೂ ಇದೆ: ಆ ಕಲ್ಲನ್ನೇ ಒಂದು ಬಂಡಿಯ ಮೇಲೆ ಹೇರಿದ್ದಾರೆ, ಎಮ್ಮೆ-ಕೋಣಗಳ ಉದ್ದನೆಯ ಸಾಲು ಎಳೆಯುತ್ತಿದೆ, ಹಿಂದಿನಿಂದ ಜನ ಗಾಲಿಗೆ ಮೀಟುಗೋಲು ಹಾಕಿ ನೂಕುತ್ತಿದ್ದಾರೆ. ಕಲ್ಲಿನ ಮೇಲೆ ಕೆತ್ತಿದ್ದು ಅಧಿಕಾರದ ಚರಿತ್ರೆ, ಕಲ್ಲಿನ ಪಕ್ಕದಲ್ಲಿ ಗೀಚಿದ್ದು ದುಡಿಮೆಯ ಚರಿತ್ರೆ. ಅಕ್ಷರ ಒಂದಕ್ಕೆ ಸಿಕ್ಕಿತು, ಗೆರೆ ಇನ್ನೊಂದಕ್ಕೆ. ಗಾಲಿ ನೂಕಿದವರ ಕುಲ ಯಾವುದು ಅಂತ ಚಿತ್ರ ಹೇಳುವುದಿಲ್ಲ. 1520ರಲ್ಲಿ ಇದೇ ಕೋಟೆಗಾಗಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್‌ಶಾಹ ಕಾದಾಡಿದರು. ಆ ಯುದ್ಧಕ್ಕೂ ಇಬ್ಬರದೇ ಹೆಸರು. ಹೊರಗಿನವರ ಆಟವನ್ನು ಬೈಯುವ ಮೊದಲು ನಮ್ಮ ಕೋಟೆಯ ಗೋಡೆಯನ್ನೊಮ್ಮೆ ನೋಡಿ ಬರುವುದು ಒಳ್ಳೆಯದು, ಪದ್ಧತಿ ಒಂದೇ.

ಹೀಗಿದ್ದರೂ ಆಟದವರ ಪದ್ಧತಿ ಬದಲಾಗುತ್ತಿದೆ ಅನ್ನುವುದನ್ನೂ ಹೇಳಬೇಕು. ಏಳನೇ ಆವೃತ್ತಿಯಲ್ಲಿ ನಾಯಕನನ್ನೂ ದೇಶವನ್ನೂ ಬಿಡಿಸಿಬಿಟ್ಟರು. ಯಾವ ನಾಯಕ ಬೇಕಾದರೂ ಯಾವ ನಾಡಿಗೆ ಬೇಕಾದರೂ ನಿಲ್ಲಬಹುದು. ಆಳದೇ ಇದ್ದವರಿಗೂ ಬಾಗಿಲು ತೆರೆದರು: ಕನ್‌ಫ್ಯೂಷಿಯಸ್, ಮೆಕಿಯವೆಲ್ಲಿ, ಫಿಲಿಪೀನ್ಸಿನ ಹೋಸೆ ರಿಸಾಲ್. ಎಲ್ಲಕ್ಕಿಂತ ಮುಖ್ಯವಾಗಿ ಹ್ಯಾರಿಯೆಟ್ ಟಬ್‌ಮನ್. ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿ ಹುಟ್ಟಿ, 1849ರಲ್ಲಿ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂತಿರುಗಿ ಹೋಗಿ ತನ್ನವರನ್ನು ರಾತ್ರೋರಾತ್ರಿ ಕಾಡಿನ ದಾರಿಯಲ್ಲಿ ಬಿಡಿಸಿ ತಂದ ಕಪ್ಪು ಹೆಣ್ಣುಮಗಳು. ಆಟದಲ್ಲಿ ಆಕೆಯ ಶಕ್ತಿಗಳೂ ಆ ಬದುಕಿನಿಂದಲೇ ಬಂದಿವೆ: ಗುಪ್ತಚಾರಿಕೆಯಲ್ಲಿ ಮುಂದು, ಆಕೆಯ ದಂಡಿಗೆ ಕಾಡು ಅಡ್ಡಿಯಾಗುವುದಿಲ್ಲ. ಆಕೆ ರಾಣಿಯಾಗಿದ್ದಳೇ, ದೇಶ ಆಳಿದ್ದಳೇ ಎಂದು ಗೊಣಗಿದವರು ಬಹಳ ಜನ. ಗೊಣಗಿದವರ ಲೆಕ್ಕಕ್ಕೆ ಕಂಪನಿ ಮಣಿಯಲಿಲ್ಲ. ಅಲ್ಲಿನ ಕಪ್ಪುಜನರ ಹೋರಾಟ, ಬರಹ, ವಿಮರ್ಶೆ ನೂರು ವರ್ಷ ತಿದಿ ಒತ್ತಿದ್ದಕ್ಕೆ ಆ ಮುಖ ಪರದೆಯ ಮೇಲೆ ಬಂತು ಅಂತ ನನ್ನ ತಿಳಿವಳಿಕೆ. ಇದಾದ ಮೇಲೆ 'ಅಂಬೇಡ್ಕರ್ ರಾಜ್ಯ ಆಳಲಿಲ್ಲ' ಎಂಬ ಮಾತಿಗೆ ಆಟದ ಒಳಗೇ ಜಾಗ ಉಳಿದಿಲ್ಲ.

ಹಾಗಾದರೆ ಅಂಬೇಡ್ಕರ್ ಅವರನ್ನೂ ಸೇರಿಸಿರಿ ಅಂತ ನಾವು ಅರ್ಜಿ ಹಾಕಬೇಕೇ? ಇಲ್ಲಿ ಒಂದು ಕ್ಷಣ ನಿಲ್ಲಬೇಕು. 2013ರಲ್ಲಿ ಐದನೇ ಆವೃತ್ತಿಗೆ ಅಮೆರಿಕದ ಪುವೆಬ್ಲೋ ಮೂಲನಿವಾಸಿಗಳನ್ನು, ಅವರ ನಾಯಕ ಪೋಪೆಯ ಜೊತೆ ಸೇರಿಸಬೇಕೆಂದಿದ್ದರು. ಪುವೆಬ್ಲೋ ಹಿರಿಯರು ಒಪ್ಪಲಿಲ್ಲ; ಅವರನ್ನು ಬಿಟ್ಟು ಶೋಶೋನಿ ಜನರನ್ನು ಸೇರಿಸಿದರು. 2018ರಲ್ಲಿ ಕೆನಡಾದ ಕ್ರೀ ಜನರ ಪೌಂಡ್‌ಮೇಕರ್ ಆರನೇ ಆವೃತ್ತಿಗೆ ಬಂದಾಗ ಆ ಸಮುದಾಯದ ಮುಖಂಡರೊಬ್ಬರು ಆಕ್ಷೇಪಿಸಿದರು: ನೆಲ ಗೆಲ್ಲುವುದೇ ಗುರಿಯಾದ ಆಟದಲ್ಲಿ ನಮ್ಮವನನ್ನು ನಿಲ್ಲಿಸಿದರೆ ನಮಗೂ ಅದೇ ಗುರಿ ಇತ್ತು ಎಂದಾಗುತ್ತದಲ್ಲ ಅಂತ. ಇದು ಬರೀ ಮುನಿಸಲ್ಲ, ಗಟ್ಟಿ ವಿಮರ್ಶೆ. ಪಟ್ಟಿಯಲ್ಲಿ ಸೇರುವುದು ಒಂದು ಹಕ್ಕಾದರೆ, ಪಟ್ಟಿಯ ಕಟ್ಟಳೆಯನ್ನೇ ಪ್ರಶ್ನಿಸುವುದು ಇನ್ನೊಂದು ಹಕ್ಕು.

ಅಂಬೇಡ್ಕರ್ ಅವರೇ ಈ ಪ್ರಶ್ನೆಯ ಹತ್ತಿರ ಬಂದಿದ್ದರು. 1943ರ ಜನವರಿ 18ರಂದು ಪುಣೆಯಲ್ಲಿ ರಾನಡೆಯವರ ನೂರೊಂದನೇ ಹುಟ್ಟುಹಬ್ಬದ ಭಾಷಣದಲ್ಲಿ, ಚರಿತ್ರೆಯನ್ನು ಮಹಾಪುರುಷರು ಮಾಡುತ್ತಾರೋ ಇಲ್ಲವೋ, ಮಹಾಪುರುಷ ಅಂದರೆ ಯಾರು ಎಂದು ಅವರು ಬಿಡಿಸಿ ನೋಡಿದರು. ಹೆಸರುವಾಸಿಯಾದವರೆಲ್ಲ ಮಹಾಪುರುಷರಲ್ಲ, ಆತನಿಗೆ ಸಾಮಾಜಿಕ ಗುರಿಯೊಂದರ ತುಡಿತ ಇರಬೇಕು, ಆತ ಸಮಾಜದ ಬೆನ್ನಿಗೆ ಚಾವಟಿಯೂ ಆಗಬೇಕು, ಸಮಾಜದ ಕೊಳೆ ಬಳಿಯುವ ಜಾಡಮಾಲಿಯೂ ಆಗಬೇಕು ಎಂಬುದು ಅವರ ನಿಲುವಿನ ಸಾರ. ಮಹಾಪುರುಷನಿಗೆ ಜಾಡಮಾಲಿಯ ಹೋಲಿಕೆ! ಯಾವ ರಾಜವೈಭವದ ಚರಿತ್ರೆಕಾರನಿಗೂ ಹೊಳೆಯದ ಹೋಲಿಕೆ ಇದು. ಇದೇ ಮನುಷ್ಯ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ಹಾದಿಯಾಗುತ್ತದೆ ಎಂದು ಎಚ್ಚರಿಸಿದರು. ಸಾಯದ ನಾಯಕ, ಪ್ರಶ್ನೆಯಿಲ್ಲದ ನಾಯಕ - ಆಟದ ಕಟ್ಟಳೆ ಕೇಳುವುದು ಇದನ್ನೇ.

ಆದರೂ ಮುಖದ ಪ್ರಶ್ನೆ ಸಣ್ಣದಲ್ಲ ಅಂತ ರಾಯಚೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2022ರ ಜನವರಿ 26ರಂದು ರಾಯಚೂರಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಗಣರಾಜ್ಯೋತ್ಸವದ ಧ್ವಜಾರೋಹಣಕ್ಕೆ ಮೊದಲು ಅಂಬೇಡ್ಕರ್ ಅವರ ಭಾವಚಿತ್ರವನ್ನು ತೆಗೆಸಲಾಯಿತು ಎಂಬ ಆರೋಪ ಎದ್ದಿತು. ಅವಮಾನ ಮಾಡಿಲ್ಲವೆಂದು ನ್ಯಾಯಾಧೀಶರು ಸ್ಪಷ್ಟೀಕರಣ ಕೊಟ್ಟರು. ಜನ ಒಪ್ಪಲಿಲ್ಲ; ರಾಯಚೂರಿನಿಂದ ಹಿಡಿದು ರಾಜ್ಯದ ಉದ್ದಗಲ ಪ್ರತಿಭಟನೆ ನಡೆಯಿತು, ಫೆಬ್ರವರಿಯಲ್ಲಿ ಬೆಂಗಳೂರಿಗೆ ಜನ ಹರಿದುಬಂದರು. ಫೆಬ್ರವರಿ ಮೊದಲ ವಾರದಲ್ಲೇ ಹೈಕೋರ್ಟು ಸುತ್ತೋಲೆ ಹೊರಡಿಸಿತು: ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಸಂವಿಧಾನ ದಿನಗಳಂದು ರಾಜ್ಯದ ಎಲ್ಲ ನ್ಯಾಯಾಲಯಗಳಲ್ಲಿ ಅಂಬೇಡ್ಕರ್ ಭಾವಚಿತ್ರ ಇಡಬೇಕು. ಯೋಚಿಸಿ ನೋಡಿ. ಸಂವಿಧಾನ ಜಾರಿಗೆ ಬಂದ ದಿನದ ಹಬ್ಬದಲ್ಲಿ, ಸಂವಿಧಾನದಿಂದಲೇ ನಡೆಯುವ ಮನೆಯಲ್ಲಿ, ಅದರ ಕರಡು ಬರೆದವರ ಪಟ ಇಡಲಿಕ್ಕೆ 72 ವರ್ಷದ ಮೇಲೆ ಸುತ್ತೋಲೆ ಬೇಕಾಯಿತು. ಇದು ಯಾವ ಅಮೆರಿಕದ ಕಂಪನಿಯ ಆಯ್ಕೆಯೂ ಅಲ್ಲ.

ಒಂದೇ ಮುಖದ ಕಟ್ಟಳೆ ನಮ್ಮ ಒಳಗೂ ಕೆಲಸ ಮಾಡುತ್ತದೆ, ಅದನ್ನು ಮುಚ್ಚಿಡಬಾರದು. ದಲಿತ ಎಂಬ ಒಂದು ಶಬ್ದದ ಕೆಳಗೆ ಹೊಲೆಯ, ಮಾದಿಗ, ಇನ್ನೂ ಕೆಳಗೆ ಹೆಸರೂ ಸಿಗದ ಸಣ್ಣ ಸಣ್ಣ ಜಾತಿಗಳು ಇವೆ. ಮೀಸಲಾತಿಯ ಪಾಲು ಯಾರಿಗೆ ಎಷ್ಟು ಮುಟ್ಟಿತು ಎಂದು ಕೇಳಿ ಒಳಮೀಸಲಾತಿಯ ಹೋರಾಟ ನಮ್ಮ ಕಡೆ ದಶಕಗಳಿಂದ ನಡೆದಿದೆ. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಒಳವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಆಗಸ್ಟ್ 1ರಂದು. ದೇಶಕ್ಕೊಂದೇ ಮುಖ ಏಕೆ ಎಂದು ಕೇಳುವವರು, ದಲಿತರಿಗೊಂದೇ ಮುಖ ಏಕೆ ಎಂದು ಕೇಳುವವರ ಮಾತಿಗೆ ಕಿವಿ ಮುಚ್ಚಿಕೊಳ್ಳಲಾಗದು.

ದೇವದುರ್ಗದ ಹಾಸ್ಟೆಲಿನ ಕೆಲವು ಹುಡುಗರ ಮುಂದೆ ಈ ವಿಷಯ ಇಟ್ಟಿದ್ದೆ. ಅವರಲ್ಲಿ ಈ ಆಟ ಆಡಿದವರು ಇಬ್ಬರೇ, ಅದೂ ರಾಯಚೂರಿನ ಗೆಳೆಯನ ಕಂಪ್ಯೂಟರಿನಲ್ಲಿ. ಅಂಬೇಡ್ಕರ್ ಬಂದರೆ ಅವರ ವಿಶೇಷ ಶಕ್ತಿ ಏನಿರಬೇಕು ಎಂದು ಕೇಳಿದೆ. ಒಬ್ಬ "ಸಾಲಿ ಕಟ್ಟಿದ್ರ ಅರ್ಧ ರೊಕ್ಕ" ಅಂದ. ಇನ್ನೊಬ್ಬ "ಜಾತಿ ಪದ್ಧತಿ ಗುಂಡಿನ ಕೆಲಸ ಮಾಡಬಾರದ್ರಿ, ಯಾರ್ ಒತ್ತಿದ್ರೂ" ಅಂದ. ಅವನ ಮಾತಿಗೆ ಎಲ್ಲರೂ ಹೌದು ಹೌದು ಅಂದರು. ಮಾನ್ವಿ ಕಡೆಯ ಹುಡುಗನೊಬ್ಬ ಮಾತ್ರ ಸುಮ್ಮನಿದ್ದ. ಕೊನೆಗೆ ಕೇಳಿದ: "ಸರ, ಆ ಬಾವಿ ಅದ ಅಂದ್ರೆಲ್ಲ, ಆಟದಾಗ ಅದನ್ನ ಯಾರ್ ಕಡೀತಾರ್ರಿ?" ಆರನೇ ಆವೃತ್ತಿಯಲ್ಲಿ ಅದಕ್ಕೆ 'ಬಿಲ್ಡರ್' ಅಂತ ಒಂದು ಗೊಂಬೆ ಇರುತ್ತದೆ. ಮೂರು ಕೆಲಸ ಮಾಡಿದ ಮೇಲೆ ಅದು ನಕ್ಷೆಯಿಂದ ಮಾಯವಾಗುತ್ತದೆ. ಅದನ್ನು ಅವನಿಗೆ ಹೇಳಿದೆ.